ದೋಟಿಯ ಒಡೆತನ ಯಾರಿಗೆ? ಮಂಜೇಶ್ವರ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಯಂತ್ರಗಳು ದುಡಿಯುವ ಕಾಲದಲ್ಲಿ ಕೂಲಿ ಯಾರಿಗೆ ಸೇರಬೇಕೆಂದು ಲೋಕವೆಲ್ಲ ಚರ್ಚಿಸುತ್ತಿದೆ. ನಮ್ಮ ಅಡಿಕೆ ತೋಟಗಳಿಗೆ ಆ ಪ್ರಶ್ನೆ ಕಾರ್ಬನ್ ಫೈಬರ್ ದೋಟಿಯ, ಅಂದರೆ ಮರದ ತುದಿಗೆ ಎಟುಕುವ ಹಗುರವಾದ ಉದ್ದ ಕೋಲಿನ, ಜೊತೆಗೇ ಬಂದಿದೆ. ಈಗ ನೆಲದಲ್ಲಿ ನಿಂತೇ ಗೊನೆ ಕೊಯ್ಯಬಹುದು, ಮದ್ದು ಬಿಡಬಹುದು. ಮರದಿಂದ ಬೀಳುವ ಭಯ ತಪ್ಪಿತು, ಅದು ದೊಡ್ಡ ಸಮಾಧಾನ. ಆದರೆ ಮರ ಏರುವವರಿಗೆ ಸಿಗುತ್ತಿದ್ದ ಹಣದ ಒಂದು ಪಾಲು ಇನ್ನು ದೋಟಿಯ ಒಡೆಯನಿಗೆ ಹೋಗುತ್ತದೆ.

1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿ ಕರ್ನಾಟಕ, ಕೇರಳದ ಬೆಳೆಗಾರರು ಮಾರಾಟವನ್ನು ತಮ್ಮ ಕೈಗೆ ತೆಗೆದುಕೊಂಡರು. ದುಡಿಮೆಯ ಸಾಧನವೂ ಹಾಗೇ ಕೂಡುಸೊತ್ತಾಗಲಿ. ಸೇವಾ ಸಹಕಾರಿ ಬ್ಯಾಂಕಿನ ಅಡಿಯಲ್ಲಿ ದೋಟಿ ತಂಡಗಳಿರಲಿ, ತೋಟವಿಲ್ಲದ ಕೆಲಸಗಾರನೂ ಷೇರುದಾರನಾಗಲಿ, ಒಬ್ಬರಿಗೆ ಒಂದೇ ಮತ. ಬಾಡಿಗೆಯ ಪ್ರತಿ 100 ರೂಪಾಯಿಯಲ್ಲಿ 70 ಕೆಲಸಗಾರರಿಗೆ, 15 ದುರಸ್ತಿ ನಿಧಿಗೆ, 10 ವಿಮೆಗೆ, 5 ಸಂಘಕ್ಕೆ ಎಂಬುದು ನಮ್ಮ ಲೆಕ್ಕ. ದುರಸ್ತಿ ನಿಧಿಯನ್ನು ಮಾತ್ರ ಕಡಿತಗೊಳಿಸಬೇಡಿ. ಸಬ್ಸಿಡಿಯಲ್ಲಿ ಬಂದ ಯಂತ್ರ ಮೂಲೆ ಸೇರುವುದು ಒಂದು ಬಿಡಿಭಾಗಕ್ಕೆ ದುಡ್ಡಿಲ್ಲದೆ.

ಈ ಏರ್ಪಾಡು ಎಡವುವುದು ಮಳೆಗಾಲದ ಬಾಗಿಲಲ್ಲಿ. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಮೊದಲ ಮದ್ದು ಮಳೆ ಹಿಡಿಯುವ ಮೊದಲೇ ಬೀಳಬೇಕು. ಎಲ್ಲರಿಗೂ ದೋಟಿ ಬೇಕಾಗುವುದು ಅದೇ ಎರಡು ವಾರದಲ್ಲಿ. ದೊಡ್ಡ ತೋಟದವರು ಮೊದಲು ಕರೆಸಿಕೊಂಡರೆ ಸಣ್ಣವರ ಅಡಿಕೆ ಉದುರುತ್ತದೆ. ಆದ್ದರಿಂದ ಅರ್ಧ ದಿನದ ಸರದಿ, ಮೇ ತಿಂಗಳಲ್ಲೇ ಚೀಟಿ ಎತ್ತುವುದು, ಸರದಿಪಟ್ಟಿ ಬ್ಯಾಂಕಿನ ಗೋಡೆಯ ಮೇಲೆ.

ತರಬೇತಿಯೂ ಬೇಕು. ಕೊಳೆರೋಗದ ಮದ್ದಾದ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಅರ್ಧ ನೀರಿನಲ್ಲಿ ಕರಗಿಸಿದ ಮೈಲುತುತ್ತನ್ನು ಉಳಿದರ್ಧದ ಸುಣ್ಣದ ನೀರಿಗೆ ಸುರಿಯಬೇಕು, ಅದೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಅದ್ದಿದ ಚೂರಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಸೋಸದಿದ್ದರೆ ಮದ್ದು ಚಿಮ್ಮುವ ನಾಜಲ್ ಕಟ್ಟುತ್ತದೆ. ಕಲಸಿದ ದಿನವೇ ಮುಗಿಸಬೇಕು.

ಎಲ್ಲಕ್ಕಿಂತ ಮುಖ್ಯ, ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ಹಾದ ತಂತಿಗೆ ದೋಟಿ ತಾಗಿದರೆ ಜೀವ ಉಳಿಯದು. ತಂತಿಯ ಅಡಿಯ ಮರಗಳಿಗೆ ಕೆಂಪು ಬಣ್ಣ ಬಳಿಯಲಿ, ಅಲ್ಲಿ ಲೈನ್ ಆಫ್ ಮಾಡಿಸದೆ ದೋಟಿ ಎತ್ತಬಾರದೆಂಬ ನಿಯಮ ಬರಲಿ.

ಸಂಘದ ನಿಯಮಾವಳಿ, ವಿಮೆಯ ಅರ್ಜಿ ಕನ್ನಡದಲ್ಲೂ ಇರಬೇಕು. ಇಲ್ಲಿನ ಕನ್ನಡಿಗರು ಸರ್ಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಲು ಕೇರಳದ 1969ರ ಭಾಷಾ ಕಾಯ್ದೆಯೇ ಅವಕಾಶ ಕೊಟ್ಟಿದೆ. ಓದಲಾಗದ ಕಾಗದಕ್ಕೆ ಸಹಿ ಹಾಕಿದವನನ್ನು ಷೇರುದಾರ ಎನ್ನುವುದು ಹೇಗೆ?

ಎಣ್ಮಕಜೆ, ಪೈವಳಿಕೆ ಪಂಚಾಯತುಗಳಲ್ಲಿ ಬರುವ ಮಳೆಗಾಲಕ್ಕೆ ಮೊದಲು ಒಂದೊಂದು ತಂಡ ಆರಂಭಿಸಿಕೊಡಿ. ಸಹಕಾರ ಇಲಾಖೆ, ವಿದ್ಯುತ್ ಮಂಡಳಿಯವರನ್ನು ಒಟ್ಟಿಗೆ ಕೂರಿಸಿ ದಿನ ಗೊತ್ತುಮಾಡಿ, ನಾವು ಬರುತ್ತೇವೆ.

ಇತಿ,
ಅಡಿಕೆ ಬೆಳೆಗಾರರು ಮತ್ತು ತೋಟದ ಕೆಲಸಗಾರರು