ಇಂಡಿಯಾ ಎಂಬ ಹೆಸರು ಬ್ರಿಟಿಷರು ಇಟ್ಟದ್ದಲ್ಲ

ಕನ್ನಡ ಬಂಧುಗಳೇ,

ಇವತ್ತು ರಾತ್ರಿಯೊಳಗೆ ಸಂಚಿಕೆ ಮುದ್ರಣಕ್ಕೆ ಹೋಗಬೇಕು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದನ್ನು ಬರೆಯೋಣ ಅಂದುಕೊಂಡಿದ್ದೆ. ಆದರೆ ಭಾನುವಾರದ ಕನ್ನಡ ತರಗತಿಯಲ್ಲಿ ಒಬ್ಬ ಹುಡುಗಿ, "ಭಾರತ ನಮ್ಮ ಹೆಸರು, ಇಂಡಿಯಾ ಬ್ರಿಟಿಷರು ಇಟ್ಟಿದ್ದು, ಅಲ್ವಾ ಆಂಟಿ?" ಎಂದಳು. ಹತ್ತಿರ ಕೂತಿದ್ದ ದೊಡ್ಡವರೂ ಹೌದೆಂದರು. ಹಾಗಾಗಿ ಈ ಸಲ ಇದೇ ವಿಷಯ.

ಸಿಂಧೂ ನದಿ ಪರ್ಷಿಯನ್ನರ ಬಾಯಲ್ಲಿ 'ಹಿಂದು' ಆಯಿತು. ಸುಮಾರು 2500 ವರ್ಷ ಹಿಂದೆ ಆಳಿದ ದೊರೆ ದಾರಿಯಸ್‌ನ ಶಾಸನಗಳಲ್ಲಿ 'ಹಿಂದುಷ್' ಎಂಬ ಪ್ರಾಂತ್ಯವಿದೆ. ಗ್ರೀಕರು 'ಹ' ಬಿಟ್ಟು ನದಿಯನ್ನು 'ಇಂಡೋಸ್' ಎಂದರು. ಆ ಕಡೆಯ ನಾಡು ಇಂಡಿಯಾ ಆಯಿತು. ಅರಬರ 'ಹಿಂದ್', ಹಿಂದೂಸ್ತಾನ, ಎಲ್ಲವೂ ಅದೇ ನದಿಯಿಂದ ಬಂದವು. ಬ್ರಿಟಿಷರು ಬರುವ ಎಷ್ಟೋ ಶತಮಾನ ಮೊದಲೇ ಈ ಹೆಸರಿತ್ತು.

ಭಾರತದ ಕತೆಯೂ ಒಂದೇ ಅಲ್ಲ. ಋಗ್ವೇದದಲ್ಲಿ ಭರತರೆಂಬ ಕುಲವಿದೆ. ದುಷ್ಯಂತನ ಮಗ ಭರತ ಎಲ್ಲರಿಗೂ ಗೊತ್ತು. ಜೈನರಿಗೆ ಈ ಹೆಸರು ಬಂದದ್ದು ಋಷಭನಾಥನ ಮಗ ಭರತನಿಂದ. ಅಂದರೆ ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಅಣ್ಣ!

ನಾನು ಕಣ್ಣಾರೆ ಕಂಡ ಇನ್ನೊಂದು ಹಳೆಯ ಹೆಸರು ಜಂಬೂದ್ವೀಪ. ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರು ನಮ್ಮನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋದರು. ಉರಿಬಿಸಿಲು, ಜಾಲಿ ಮುಳ್ಳು, ಬುತ್ತಿಯ ಚಿತ್ರಾನ್ನ. ಊರವರು ಆ ಬಂಡೆಯನ್ನು ಅಕ್ಷರಗುಂಡು ಎನ್ನುತ್ತಾರೆ. ಅದರ ಮೇಲೆ ಅಶೋಕನ ಶಾಸನ. ಮೇಷ್ಟ್ರು ಒಂದೊಂದೇ ಅಕ್ಷರ ತೋರಿಸಿ 'ಜಂಬುದೀಪಸಿ' ಎಂದು ಓದಿದರು. ಜಂಬೂದ್ವೀಪದಲ್ಲಿ ಎಂದರ್ಥ. ಮನೆಯಲ್ಲಿ ಅಜ್ಜ ಪೂಜೆಗೆ ಕೂತಾಗ "ಜಂಬೂದ್ವೀಪೇ ಭರತವರ್ಷೇ" ಎಂದು ಸಂಕಲ್ಪ ಮಾಡುತ್ತಿದ್ದರಲ್ಲ, ಆ ಮಾತು ಇಲ್ಲಿ ಕಲ್ಲಿನ ಮೇಲಿತ್ತು. ಅದನ್ನು ಬರೆದ ಲಿಪಿಕಾರನ ಹೆಸರು ಚಪಡ. ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ, ಕೊನೆಗೆ 'ಲಿಪಿಕಾರ' ಎಂಬುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಸಿಂಧೂ ನದಿಯ ಕಡೆಯ, ಗಾಂಧಾರದ ಲಿಪಿ. ದೂರದ ಊರಿನ ಲಿಪಿ ಕಲಿತವನೊಬ್ಬ ಚಿತ್ರದುರ್ಗದ ಸೀಮೆಗೆ ಬಂದು ನಮ್ಮ ನೆಲದ ಹೆಸರು ಕೆತ್ತಿಸಿದ. ನನಗೆ ಇಂಡಿಯಾ, ಭಾರತ, ಜಂಬೂದ್ವೀಪ ಮೂರೂ ನಮ್ಮವೇ. ಸಂವಿಧಾನದ 1ನೇ ವಿಧಿಯಲ್ಲೂ ಇಂಡಿಯಾ, ಭಾರತ ಎರಡೂ ಜೊತೆಗಿವೆ.

ಜಾಗ ಮುಗಿಯುತ್ತಿದೆ. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ 3ಕ್ಕೆ, ಮಾಮೂಲಿ ಹಾಲ್‌ನಲ್ಲಿ. ಮಕ್ಕಳ ಹಾಡು, ನಾಟಕಕ್ಕೆ ಶುಕ್ರವಾರದೊಳಗೆ ಹೆಸರು ಕೊಡಿ. ಊಟಕ್ಕೆ ಎಷ್ಟು ಜನ ಅಂತ ಮೊದಲೇ ತಿಳಿಸಿ. ಸದಸ್ಯತ್ವದ ಹಣ ಬಾಕಿ ಇರುವವರು ಅಂದೇ ಕಟ್ಟಬಹುದು.

ಇನ್ನೊಂದು ಮಾತು. ತರಗತಿಗೆ ಮಕ್ಕಳು ಜಾಸ್ತಿಯಾಗಿದ್ದಾರೆ, ಕಲಿಸುವವರು ಸಾಲುತ್ತಿಲ್ಲ. ಪತ್ರಿಕೆಗೆ ಟೈಪ್ ಮಾಡಲೂ ಒಬ್ಬರು ಬೇಕು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಿಡುವಿದ್ದರೆ ದಯವಿಟ್ಟು ಬನ್ನಿ. ನಿಜವಾಗಿಯೂ ಕೈ ಸಾಲುತ್ತಿಲ್ಲ.

– ಸಂಪಾದಕಿ