ಮಿಲಿಟರಿ ಲಾರಿಗೆ ಮೊದಲು ಬ್ರೇಕ್, ಆಮೇಲೆ ಬಣ್ಣ

ಮಾನ್ಯ ಸಂಪಾದಕರೇ,

ರಾಜ್ಯೋತ್ಸವ, ಗಣರಾಜ್ಯೋತ್ಸವ ಹತ್ತಿರ ಬಂದಾಗ ನಮ್ಮ ಕಡೆಯ ಗ್ಯಾರೇಜುಗಳಿಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ತೋಟದಲ್ಲಿ ಹಳೇ ಮಿಲಿಟರಿ ಲಾರಿ ನಿಂತಿದೆ. ಬ್ಯಾಟರಿ ಕೊಟ್ಟು, ಹತ್ತು ಲೀಟರ್ ಡೀಸೆಲ್ ಹಾಕಿ, ಟ್ರ್ಯಾಕ್ಟರಲ್ಲಿ ಎಳೆಸಿದ್ರೆ ಸ್ಟಾರ್ಟ್ ಆಗಲ್ವಾ?’ ಆದರೂ ಆಗಬಹುದು. ಆಗಿಬಿಟ್ಟರೆ ಅದೇ ದೊಡ್ಡ ತೊಂದರೆ. ಸ್ತಬ್ಧಚಿತ್ರ ಹೊತ್ತು ಜನರ ನಡುವೆ ಸಾಗಬೇಕಾದ ಗಾಡಿಯನ್ನು ಹೀಗೆ ಎಬ್ಬಿಸಲು ಹೊರಟವರಿಗಾಗಿ ಈ ಪತ್ರ.

ಹರಾಜಿನಲ್ಲಿ ಕೈ ಬದಲಾಯಿಸಿ ಊರು ಸೇರಿದ ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವವು ಎರಡು. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸ್ ಪಡೆದು 1959ರಿಂದ ಜಬಲ್‌ಪುರದಲ್ಲಿ ತಯಾರಾದ ಡೀಸೆಲ್ ಶಕ್ತಿಮಾನ್ ಒಂದು. ಅದೇ ಊರಿನಲ್ಲಿ ನಿಸಾನ್ ಲೈಸೆನ್ಸಿನಲ್ಲಿ ಕಟ್ಟಿದ ‘ಒನ್ ಟನ್’ ಎಂಬ ಪೆಟ್ರೋಲ್ ಲಾರಿ ಇನ್ನೊಂದು. ಎರಡಕ್ಕೂ ಆರು ಸಿಲಿಂಡರ್, ಎರಡಕ್ಕೂ ಫೋರ್ ವೀಲ್ ಡ್ರೈವ್. ಓಡಿ ಸವೆದದ್ದಕ್ಕಿಂತ ಇವು ನಿಂತು ಕೆಟ್ಟದ್ದೇ ಹೆಚ್ಚು.

ನಿಂತ ಎಂಜಿನ್ನಿನಲ್ಲಿ ಯಾವುದೋ ಒಂದೆರಡು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಆ ದಾರಿಯಲ್ಲಿ ಮಳೆಗಾಲದ ತೇವ ಇಳಿದು ಪಿಸ್ಟನ್ ರಿಂಗು ಲೈನರಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಟ್ರ್ಯಾಕ್ಟರ್ ಎಳೆದರೆ ರಿಂಗು ಮುರಿಯುತ್ತದೆ. ಮುಚ್ಚಿ ಬಿಗಿದ ವಾಲ್ವನ್ನು ಕ್ಯಾಮ್ ತಳ್ಳಿದರೆ ಪುಶ್ ರಾಡ್ ಬಾಗುತ್ತದೆ. ತೆರೆದು ಬಿಗಿದಿದ್ದರೆ ಪಿಸ್ಟನ್ನೇ ಬಂದು ಬಡಿಯುತ್ತದೆ. ಆದ್ದರಿಂದ ಇಂಜೆಕ್ಟರ್ ಬಿಚ್ಚಿ (ಪೆಟ್ರೋಲ್ ಗಾಡಿಯಾದರೆ ಪ್ಲಗ್), ಒಂದೊಂದು ಸಿಲಿಂಡರಿಗೂ ಸುಮಾರು 50 ಮಿಲಿ, ಅರ್ಧ ಡೀಸೆಲ್ ಅರ್ಧ ಎಟಿಎಫ್ ಎಣ್ಣೆ (ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ) ಬೆರೆಸಿ ಹಾಕಿ, ಕನಿಷ್ಠ ಐದು ದಿನ ಸುಮ್ಮನೆ ಬಿಡಬೇಕು. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಒಂದಿಂಚು ಮುಂದೆ, ಒಂದಿಂಚು ಹಿಂದೆ ಆಡಿಸಬೇಕು. ಸಡಿಲವಾದ ಮೇಲೆ ಕೈಯಲ್ಲೇ ಎರಡು ಪೂರ್ತಿ ಸುತ್ತು. ಟ್ಯಾಪೆಟ್ ಕವರ್ ತೆಗೆದು 12 ವಾಲ್ವೂ ಏರಿ ಇಳಿಯುವುದನ್ನು ಕಣ್ಣಾರೆ ನೋಡಿ. ಬಿಗಿದದ್ದಕ್ಕೆ ಸೀಮೆಎಣ್ಣೆ ಬಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಇಂಜೆಕ್ಟರ್ ಮತ್ತೆ ಕೂರಿಸುವ ಮುಂಚೆ ಸೆಲ್ಫ್ ಹೊಡೆದು, ಒಳಗೆ ಹಾಕಿದ ಎಣ್ಣೆಯನ್ನು ಹೊರಗೆ ಚಿಮ್ಮಿಸಲೇಬೇಕು. ಎಣ್ಣೆ ಗಾಳಿಯ ಹಾಗೆ ಅದುಮಿಕೊಳ್ಳುವುದಿಲ್ಲ. ಉಳಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಡೀಸೆಲ್ ಗಾಡಿಯಲ್ಲಿ ಇದಕ್ಕಿಂತ ಅಪಾಯದ್ದು ಫ್ಯುಯಲ್ ಪಂಪು. ಹಳೆಯ ಡೀಸೆಲ್ ಒಣಗಿ ಅಂಟಾಗಿ, ಪಂಪಿನೊಳಗೆ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಸರಳು, ಅಂದರೆ ರ್‍ಯಾಕ್ ಪೂರ್ತಿ ತೆರೆದ ಜಾಗದಲ್ಲೇ ಸಿಕ್ಕಿಕೊಂಡಿದ್ದರೆ, ಸ್ಟಾರ್ಟ್ ಆದ ಕೂಡಲೇ ಎಂಜಿನ್ ಅರಚುತ್ತಾ ರೇಸ್ ಏರಿಸಿಕೊಳ್ಳುತ್ತದೆ. ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ, ಬ್ಯಾಟರಿ ತೆಗೆದರೂ ನಿಲ್ಲುವುದಿಲ್ಲ. ಮೊದಲೇ ಪಂಪಿನ ಪಕ್ಕದ ಮುಚ್ಚಳ ಬಿಚ್ಚಿ ರ್‍ಯಾಕ್ ಬೆರಳಿಗೆ ಸಲೀಸಾಗಿ ಸರಿಯುತ್ತದೆಯೇ ನೋಡಿಕೊಳ್ಳಿ. ಸರಿಯದಿದ್ದರೆ ಪಂಪು ಇಳಿಸಿ ಕ್ಯಾಲಿಬ್ರೇಷನ್ ಅಂಗಡಿಗೆ ಕೊಡಿ. ಅಲ್ಲಿ ಸುತ್ತಿಗೆ ಏಟು ಬೇಡ. ಏರ್ ಫಿಲ್ಟರು ಎಣ್ಣೆ ಬೋಗುಣಿಯದಾದರೆ ಒಳಗಿನ ಕೆಸರು ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿ. ಹೆಚ್ಚಾದರೆ ಎಂಜಿನ್ ಅದನ್ನೂ ಎಳೆದುಕೊಂಡು ಉರಿಸಿ ಇದೇ ರೀತಿ ಹುಚ್ಚೆದ್ದು ಓಡುತ್ತದೆ. ಮೊದಲ ಸ್ಟಾರ್ಟಿಗೆ ಫಿಲ್ಟರ್ ಪೈಪ್ ಬಿಚ್ಚಿಟ್ಟು, ಗಾಳಿ ಬಾಯಿಗೆ ಸರಿಯಾಗಿ ಮುಚ್ಚುವ ದಪ್ಪ ಹಲಗೆ ಹಿಡಿದು ಒಬ್ಬರು ಪಕ್ಕದಲ್ಲೇ ನಿಂತಿರಬೇಕು. ಅಂಗೈ ಇಡಬಾರದು, ಬಟ್ಟೆ ತುರುಕಬಾರದು, ಬಟ್ಟೆಯನ್ನು ನುಂಗಿಬಿಡುತ್ತದೆ.

ಗಾಡಿಯ ಟ್ಯಾಂಕನ್ನು ಆ ದಿನ ನಂಬಬೇಡಿ. ತಳದಲ್ಲಿ ನೀರು, ಅದರ ಮೇಲೆ ಕಪ್ಪು ಲೋಳೆ, ಗೋಡೆಗೆ ತುಕ್ಕು ಇದ್ದೇ ಇರುತ್ತದೆ. ಐದು ಲೀಟರಿನ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿ ಕಟ್ಟಿ, ಹೊಸ ಫಿಲ್ಟರಿನ ಮೂಲಕ ಡೀಸೆಲ್ ಬಿಟ್ಟು, ಮೊದಲು ಫಿಲ್ಟರಿನ, ಆಮೇಲೆ ಪಂಪಿನ, ಕೊನೆಗೆ ಇಂಜೆಕ್ಟರ್ ಪೈಪುಗಳ ಏರ್ ತೆಗೆಯಿರಿ. ಟ್ಯಾಂಕನ್ನು ಬಿಡುವಿನಲ್ಲಿ ಇಳಿಸಿ, ಒಂದು ತುಂಡು ಚೈನು, ಎರಡು ಲೀಟರ್ ಡೀಸೆಲ್ ಹಾಕಿ ಕುಲುಕಿ ತೊಳೆಯಬಹುದು. ಖಾಲಿ ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಮಾತ್ರ ಬೇಡ. ಪೆಟ್ರೋಲ್ ಮುಗಿದಿದ್ದರೂ ಒಳಗಿನ ಆವಿ ಸಿಡಿಯುತ್ತದೆ.

ಎಂಜಿನ್ ತಳದಲ್ಲಿ ಎಣ್ಣೆ ಬಸಿಯುವ ಚೇಂಬರ್ ನಟ್ ಬಿಚ್ಚಿದಾಗ ಎಣ್ಣೆಗಿಂತ ಮೊದಲು ನೀರು ಬಂದರೆ, ಅಥವಾ ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ, ಹೆಡ್ ಗ್ಯಾಸ್ಕೆಟ್ ನೋಡದೆ ಮುಂದೆ ಹೋಗಬೇಡಿ. ಎಣ್ಣೆ ಬದಲಾಯಿಸಿದ ಮೇಲೆ ಸ್ಟಾಪ್ ಎಳೆದಿಟ್ಟು, ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಯಿಲ್ ಪ್ರೆಷರ್ ಮುಳ್ಳು ಏಳುವ ತನಕ ಎಂಜಿನ್ ಓಡಕೂಡದು. ಹೊಸ ಎಣ್ಣೆ ಹಳೆಯ ಕೆಸರನ್ನೆಲ್ಲ ಕರಗಿಸಿ ತರುವುದರಿಂದ ಹತ್ತು ಗಂಟೆ ಓಡಿದ ಮೇಲೆ ಎಣ್ಣೆ, ಫಿಲ್ಟರ್ ಎರಡನ್ನೂ ಮತ್ತೆ ಬದಲಾಯಿಸಬೇಕು. ಇದನ್ನು ದಂಡ ಅಂದುಕೊಳ್ಳುವವರೇ ಮುಂದೆ ಬೇರಿಂಗಿಗೆ ದುಡ್ಡು ಕೊಡುತ್ತಾರೆ.

ಪಾವಗಡ, ಕೋಲಾರ, ಚಿಂತಾಮಣಿ ಕಡೆಯ ಬೋರ್‌ವೆಲ್ ನೀರು ಗಡುಸು. ಅದನ್ನೇ ರೇಡಿಯೇಟರಿಗೆ ಹಾಕುತ್ತಾ ಬಂದಿದ್ದರೆ ಒಳಗೆ ಸುಣ್ಣ ಕಟ್ಟಿರುತ್ತದೆ. ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರಾದರೆ ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಸಿಟ್ರಿಕ್ ಆಸಿಡ್ ಪುಡಿ ಕದಡಿ, ಅರ್ಧ ಗಂಟೆ ಬಿಸಿಯಲ್ಲಿ ಓಡಿಸಿ, ಆರಿದ ಮೇಲೆ ಬಸಿದು, ಎರಡು ಸಲ ಬರೀ ನೀರಿನಲ್ಲಿ ತೊಳೆಯಿರಿ. ಆಮೇಲೆ ಸೋರಿದರೆ ಆಸಿಡ್ಡನ್ನು ಬೈಯಬೇಡಿ, ತೂತು ಮೊದಲೇ ಇತ್ತು. ಸುಣ್ಣವೇ ಅದಕ್ಕೆ ಬಿರಡೆಯಾಗಿತ್ತು. ಬ್ಲಾಕಿನ ನಲ್ಲಿ ತಿರುಗಿಸಿದರೂ ನೀರು ಬಾರದಿದ್ದರೆ ತಂತಿ ಹಾಕಿ ಕೆದಕಿ.

ಇನ್ನು ಬ್ರೇಕು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಆ ನೀರು ವೀಲ್ ಸಿಲಿಂಡರಿನ ತಳ ಸೇರಿ ಕಬ್ಬಿಣವನ್ನು ಗುಂಡಿ ಗುಂಡಿಯಾಗಿ ತಿನ್ನುತ್ತದೆ. ಪೆಡಲ್ ಮೊದಲ ದಿನ ಗಟ್ಟಿಯಾಗಿಯೇ ಸಿಗಬಹುದು. ಸಿಲಿಂಡರಿನೊಳಗೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಕಪ್ ಆ ಗುಂಡಿಗಳ ಮೇಲೆ ಹತ್ತು ಸಲ ಉಜ್ಜಿದ ಮೇಲೆ, ಹನ್ನೊಂದನೇ ಸಲ ಪೆಡಲ್ ನೆಲ ಮುಟ್ಟುತ್ತದೆ. ಆದ್ದರಿಂದ ಮಾಸ್ಟರ್ ಸಿಲಿಂಡರ್ ಮತ್ತು ಎಲ್ಲ ವೀಲ್ ಸಿಲಿಂಡರ್ ಬಿಚ್ಚಲೇಬೇಕು. ತೆಳು ಗೀರಿದ್ದರೆ ಹೋನಿಂಗ್ (ಒಳಮೈ ಉಜ್ಜಿ ನಯ ಮಾಡುವುದು) ಸಾಕು. ಉಗುರಿಗೆ ತಗಲುವ ಗುಂಡಿಯಿದ್ದರೆ ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಸ್ಲೀವ್ ಹಾಕಿಸಬೇಕು. ರಬ್ಬರ್ ಕಪ್, ಹೋಸ್ ಎಲ್ಲ ಹೊಸದು. ಎಂಜಿನ್ ಎಣ್ಣೆ, ಜೆಸಿಬಿಯ ಹೈಡ್ರಾಲಿಕ್ ಎಣ್ಣೆ ಬ್ರೇಕಿಗೆ ಹಾಕಿದರೆ ರಬ್ಬರ್ ಊದಿ ಬ್ರೇಕು ಹಿಡಿದಲ್ಲೇ ನಿಲ್ಲುತ್ತದೆ. ಹಳೆಯ ಲೈನರಿನಲ್ಲಿ ಕಲ್ನಾರು ಇರುವ ಸಾಧ್ಯತೆ ಇರುವುದರಿಂದ ಡ್ರಮ್ಮಿನ ಧೂಳಿಗೆ ಕಂಪ್ರೆಸರ್ ಗಾಳಿ ಹಿಡಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಎಲ್ಲ ಮುಗಿದ ಮೇಲೆ ಪೆಡಲನ್ನು ಪೂರ್ತಿ ಬಲ ಹಾಕಿ ಒಂದು ನಿಮಿಷ ತುಳಿದು ಹಿಡಿಯಿರಿ. ಕೂದಲೆಳೆ ಇಳಿದರೂ ಮತ್ತೆ ಬಿಚ್ಚಬೇಕು.

ಚಕ್ರದ ವಿಷಯದಲ್ಲಿ ಪಂಕ್ಚರ್ ಅಂಗಡಿಯ ಹುಡುಗನಿಗೆ ಮೊದಲೇ ಹೇಳಿಡಿ. ಕೆಲವು ಮಿಲಿಟರಿ ಗಾಡಿಗಳ ಡಿಸ್ಕು (ಟೈರು ಕೂರುವ ಲೋಹದ ಚಕ್ರ) ಎರಡು ಹೋಳು. ಒಂದು ಸಾಲು ನಟ್ಟು ಚಕ್ರವನ್ನು ಗಾಡಿಗೆ ಹಿಡಿದರೆ, ಇನ್ನೊಂದು ಸಾಲು ಹೋಳುಗಳನ್ನು ಒಂದಕ್ಕೊಂದು ಹಿಡಿಯುತ್ತದೆ. ಗಾಳಿ ಇರುವಾಗ ಎರಡನೆಯ ಸಾಲು ಬಿಚ್ಚಿದರೆ ಡಿಸ್ಕು ಸಿಡಿದು ಎದುರಿದ್ದವರ ಪ್ರಾಣ ತೆಗೆಯುತ್ತದೆ. ಟೈರನ್ನು ಹಿಡಿದಿಡುವ ರಿಂಗ್ ಇರುವ ಡಿಸ್ಕಿಗೂ ಇದೇ ಎಚ್ಚರಿಕೆ: ಮೊದಲು ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಡಬೇಕು. ಟೈರಿನ ಮೇಲಿನ ತಯಾರಿ ಸಂಖ್ಯೆ ಮೂರೇ ಅಂಕಿಯದಾಗಿದ್ದರೆ ಅದು 2000ಕ್ಕಿಂತ ಹಿಂದಿನದು. ಪಟ್ಟಿ ಹೊಸದರಂತೆ ಕಂಡರೂ ರಸ್ತೆಗೆ ಬೇಡ.

ವೈರಿಂಗ್ ಇಲಿ ಕಡಿದಿದ್ದರೆ ಟೇಪ್ ಸುತ್ತುವುದಕ್ಕಿಂತ ಪೂರ್ತಿ ಹೊಸದು ಹಾಕಿಸುವುದೇ ಅಗ್ಗ. ಬ್ಯಾಟರಿ ಕೊಡುವ ಮುನ್ನ ಸೆಲ್ಫಿನ ತಗಡು ಓದಿ, 12 ವೋಲ್ಟೋ 24 ವೋಲ್ಟೋ ಖಚಿತ ಮಾಡಿಕೊಳ್ಳಿ. ಫೋರ್ ವೀಲ್ ಗೇರನ್ನು ಒಣ ಟಾರು ರಸ್ತೆಯಲ್ಲಿ ಹಾಕಿಟ್ಟುಕೊಂಡು ತಿರುವು ತೆಗೆದುಕೊಂಡರೆ ಮುಂದಿನ ಹಿಂದಿನ ಆಕ್ಸಲ್ಲು ಒಂದಕ್ಕೊಂದು ಸೆಣಸಿ ಜಾಯಿಂಟು ಮುರಿಯುತ್ತದೆ.

ಎಲ್ಲರೂ ಮೊದಲು ಮಾಡುವ ಕೆಲಸ, ಅಂದರೆ ಸೇನೆಯ ಹಸಿರು ಬಣ್ಣ ಬಳಿಯುವುದನ್ನು, ಕಾನೂನೇ ಒಪ್ಪುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ (1989) 121ನೇ ನಿಯಮದಂತೆ ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರಾವುದಕ್ಕೂ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಬಾಣದ ಗುರುತಿನ ಸೇನೆಯ ನಂಬರನ್ನೂ ಉಳಿಸಿಕೊಳ್ಳುವಂತಿಲ್ಲ. ಹರಾಜಿನ ಕಾಗದ, ಚಾಸಿ ನಂಬರು, ಎಂಜಿನ್ ನಂಬರು ತಾಳೆಯಾಗಿ ಆರ್‌ಟಿಒದಲ್ಲಿ ಕೆಎ 06, 07 ಅಥವಾ 40ರ ಸರಣಿಯಂತಹ ನಾಗರಿಕ ನಂಬರು ಪಡೆಯಬೇಕು. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ಇದೆಯಲ್ಲ ಎನ್ನುವವರಿದ್ದಾರೆ. ಅದು ದ್ವಿಚಕ್ರ ವಾಹನ ಮತ್ತು ಕಾರಿನಂಥ ಪ್ರಯಾಣಿಕರ ವಾಹನಗಳಿಗೆ, ಲಾರಿಗಲ್ಲ.

ಮೆರವಣಿಗೆಗೆ ಅನುಮತಿ ಕೊಡುವವರಲ್ಲಿ ನಮ್ಮ ಕೋರಿಕೆ ಇಷ್ಟೇ: ಇಂಥ ಗಾಡಿ ಬಂದರೆ ಹಾರ ಹಾಕುವ ಮುಂಚೆ ನಾಲ್ಕೂ ಚಕ್ರದ ಒಳಮೈ ಬಗ್ಗಿ ನೋಡಿಸಿ. ಡ್ರಮ್ಮಿನ ಕೆಳಗೆ ಒದ್ದೆ ಕಲೆ ಕಂಡರೆ ಸ್ತಬ್ಧಚಿತ್ರವನ್ನು ಬೇರೆ ಲಾರಿಗೆ ಹತ್ತಿಸಿ.

— ಹಳೆಯ ವಾಹನಗಳ ಮೆಕ್ಯಾನಿಕ್‌ಗಳು, ಅಂತರಸನಹಳ್ಳಿ, ತುಮಕೂರು