ಒಂಬತ್ತನೇ ತರಗತಿಯ ಪೋಷಕರಿಗೆ: ‘ನನ್ನ ಗುರಿ’ ಹಾಳೆಯ ಬಗ್ಗೆ

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ಶನಿವಾರ ನಿಮ್ಮ ಮಕ್ಕಳು ನಾಲ್ಕು ಪುಟದ ಒಂದು ವರ್ಕ್‌ಶೀಟ್ ಮನೆಗೆ ತರುತ್ತಾರೆ. ಮೇಲೆ ‘ನನ್ನ ಗುರಿ’ ಅಂತ ಇದೆ. ಇದಕ್ಕೆ ಮಾರ್ಕ್ಸ್ ಇಲ್ಲ. ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಪೆನ್ನು ಮಕ್ಕಳ ಕೈಯಲ್ಲೇ ಇರಲಿ, ನೀವು ಪಕ್ಕದಲ್ಲಿ ಕೂತು ಕೇಳಿ.

ಇಷ್ಟು ಬೇಗ ಯಾಕೆ ಅಂತ ಕೆಲವರು ಕೇಳಿದರು. ಎಸ್‌ಎಸ್‌ಸಿ, ಅಂದರೆ ಹತ್ತನೇ ತರಗತಿಯ ರಿಸಲ್ಟ್ ಬಂದು ಹನ್ನೊಂದನೇ ತರಗತಿಯ ಆನ್‌ಲೈನ್ ಫಾರ್ಮ್ ತುಂಬುವ ದಿನಗಳಲ್ಲಿ ಮನೆಮನೆಯಲ್ಲೂ ಗಡಿಬಿಡಿ, ಸೈನ್ಸೋ ಕಾಮರ್ಸೋ ಅಂತ ಪಕ್ಕದ ಬಿಲ್ಡಿಂಗ್‌ನವರನ್ನು ಕೇಳುತ್ತೇವೆ, ಊರಿಗೆ ಫೋನ್ ಮಾಡುತ್ತೇವೆ, ಆದರೆ ಮಗುವನ್ನು ಮಾತ್ರ ಕೊನೆಗೆ ಕೇಳುತ್ತೇವೆ. ಅಲ್ವಾ? ಆ ಮಾತು ಈಗಲೇ, ಸಮಾಧಾನವಾಗಿ ಆಗಲಿ.

ಮೊದಲ ಪುಟ ಸುಲಭ: ಏನಾಗಬೇಕು, ಯಾಕೆ. ಎರಡನೇ ಪುಟದಲ್ಲಿ ಆ ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಇವತ್ತಿಗೆ ಬರಬೇಕು. ಒಬ್ಬ ಹುಡುಗಿ ‘ಮಿಲಿಟರಿ ಆಫೀಸರ್’ ಅಂತ ಬರೆದಳು ಅಂದುಕೊಳ್ಳಿ. ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿರುವ ಎನ್‌ಡಿಎಗೆ, ಅಂದರೆ ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, 2022ರಿಂದ ಹುಡುಗಿಯರೂ ಸೇರುತ್ತಿದ್ದಾರೆ. ಕೇಂದ್ರ ಲೋಕಸೇವಾ ಆಯೋಗ (ಯುಪಿಎಸ್‌ಸಿ) ಅದರ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ನಡೆಸುತ್ತದೆ, ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯ ಒಳಗಿರಬೇಕು. ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಬರೀ ಗಣಿತಕ್ಕೆ. ಭೂಸೇನೆಗೆ ಹನ್ನೆರಡನೇ ತರಗತಿಯಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ, ವಾಯುಸೇನೆ, ನೌಕಾಸೇನೆಗೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಬೇಕೇ ಬೇಕು. ಇಷ್ಟು ತಿಳಿದ ಮೇಲೆ ಆ ಹುಡುಗಿಯ ಮೂರನೇ ಪುಟದಲ್ಲಿ, ಅಂದರೆ ‘ಈ ತಿಂಗಳು, ಈ ವಾರ’ ಅನ್ನುವಲ್ಲಿ, ‘ಚೆನ್ನಾಗಿ ಓದುತ್ತೇನೆ’ ಅಂತ ಬರುವುದಿಲ್ಲ. ‘ಬೀಜಗಣಿತದ ಎರಡನೇ ಪಾಠ, ಸೋಮವಾರ, ಬುಧವಾರ, ಸಂಜೆ ಆರರಿಂದ ಏಳು’ ಅಂತ ಬರುತ್ತದೆ. ನಮಗೆ ಬೇಕಾಗಿರುವುದು ಈ ಸಾಲು.

ಎಲ್ಲರೂ ಡಾಕ್ಟರ್, ಇಂಜಿನಿಯರ್ ಅಂತಲೇ ಬರೆಯಬೇಕಾಗಿಲ್ಲ. ಐಟಿಐ ಎಲೆಕ್ಟ್ರಿಷಿಯನ್ ಕೋರ್ಸ್ ಹತ್ತನೇ ಮುಗಿಸಿದವರಿಗೆ ಎರಡು ವರ್ಷದ್ದು, ಒಳ್ಳೆಯ ದಾರಿ. ‘ಅಪ್ಪನ ಹೋಟೆಲ್ ನಡೆಸುತ್ತೇನೆ’ ಅಂತ ಬರೆದರೆ ದಯವಿಟ್ಟು ಮುಖ ಸಣ್ಣ ಮಾಡಬೇಡಿ. ಅದಕ್ಕೂ ಲೆಕ್ಕಪತ್ರ ಬೇಕು, ಜಿಎಸ್‌ಟಿ ತಿಳಿಯಬೇಕು, ಆಹಾರದ ಲೈಸೆನ್ಸ್ ಗೊತ್ತಿರಬೇಕು. ಎರಡನೇ ಪುಟ ಭರ್ತಿಯಾಗುತ್ತದೆ!

ಈಗ ನಾಲ್ಕನೇ ಪುಟ. ನನ್ನ ಪ್ರಕಾರ ಹಾಳೆಯ ಜೀವ ಇರುವುದು ಇಲ್ಲೇ. ಎಡಗಡೆ ‘ಏನು ಅಡ್ಡ ಬರುತ್ತದೆ’, ಬಲಗಡೆ ‘ಆಗ ನಾನೇನು ಮಾಡುತ್ತೇನೆ’. ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ 1999ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ‘ಹೀಗಾದರೆ ಹೀಗೆ ಮಾಡುತ್ತೇನೆ’ ಅಂತ ಮೊದಲೇ ತೀರ್ಮಾನಿಸಿದವರು, ಸುಮ್ನೆ ‘ಮಾಡಬೇಕು’ ಅಂದುಕೊಂಡವರಿಗಿಂತ ಹೆಚ್ಚಾಗಿ ಕೆಲಸ ಮುಗಿಸುತ್ತಾರೆ. ನಮ್ಮ ಮಕ್ಕಳ ಅಡ್ಡಿಗಳು ನಿಮಗೆ ಗೊತ್ತೇ ಇವೆ: ಒಂದೇ ಕೋಣೆಯ ಮನೆ, ನೀರು ಬರುವ ಹೊತ್ತು, ರಾತ್ರಿಯ ಟಿ.ವಿ., ಗಣಪತಿ ಹಬ್ಬದ ಮೈಕ್, ಮೊಬೈಲ್. ಬಲಗಡೆಯ ಉತ್ತರ ಚಿಕ್ಕದಿದ್ದರೂ ಖಚಿತವಾಗಿರಲಿ. ‘ಎಂಟಕ್ಕೆ ಟಿ.ವಿ. ಹಾಕಿದರೆ ಪುಸ್ತಕ ಹಿಡಿದು ಕಾರಿಡಾರ್‌ಗೆ ಹೋಗಿ ಐದು ಲೆಕ್ಕ ಮಾಡುತ್ತೇನೆ.’ ಇಷ್ಟು ಸಾಕು. ಎಡಗಡೆ ‘ಮನೆಯಲ್ಲಿ ಜಗಳ’ ಅಂತ ಬರೆದಿದ್ದರೆ ಬೈಯಬೇಡಿ, ಅಳಿಸಲು ಹೇಳಬೇಡಿ. ಒಮ್ಮೆ ಬೈದರೆ ಆಮೇಲೆ ಮಗು ನಿಜ ಬರೆಯುವುದಿಲ್ಲ. ಆ ಪುಟವನ್ನು ಕ್ಲಾಸ್ ಟೀಚರ್ ಮತ್ತು ನಾನು ಬಿಟ್ಟರೆ ಶಾಲೆಯಲ್ಲಿ ಯಾರೂ ನೋಡುವುದಿಲ್ಲ.

ಇನ್ನೊಂದು ಮಾತು. 1953ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಗುರಿ ಬರೆದಿಟ್ಟ ಶೇ. 3 ವಿದ್ಯಾರ್ಥಿಗಳು ಉಳಿದವರೆಲ್ಲರ ಒಟ್ಟು ಸಂಪತ್ತಿಗಿಂತ ಜಾಸ್ತಿ ಗಳಿಸಿದರು ಅನ್ನುವ ಕಥೆ ನಿಮಗೂ ಬಂದಿರಬಹುದು. ಅಂಥ ಅಧ್ಯಯನ ನಡೆದೇ ಇಲ್ಲ. ಅದನ್ನು ಹೇಳಿ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಬರೆದ ಮಾತ್ರಕ್ಕೆ ಏನೂ ಆಗುವುದಿಲ್ಲ. ಬರೆದದ್ದನ್ನು ವಾರವಾರ ತೆಗೆದು ನೋಡಬೇಕು, ಆಗದ್ದನ್ನು ತಿದ್ದಬೇಕು. ಅದಕ್ಕೇ ಪ್ರತಿ ತಿಂಗಳ ಕೊನೆಯ ಶುಕ್ರವಾರ ಒಂದು ಪಿರಿಯಡ್ ಇಟ್ಟಿದ್ದೇವೆ. ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಗುರಿಯೇ ಬದಲಾದರೂ ತಪ್ಪಲ್ಲ, ಹೊಸ ಹಾಳೆ ಕೊಡುತ್ತೇವೆ.

ಮನೆಯಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷ ಕೊಡಿ. ರಾತ್ರಿ ತಡವಾಗಿ ಬರುವವರು ರಜೆಯ ದಿನ ಕೂತರಾಯಿತು. ತುಳುವಿನಲ್ಲಿ ಮಾತಾಡಿ, ಕೊಂಕಣಿಯಲ್ಲಿ ಮಾತಾಡಿ, ನಮ್ಮ ಕಲಬುರಗಿ, ವಿಜಯಪುರದ ಕಡೆಯ ಮಾತಲ್ಲಿ ಮಾತಾಡಿ, ಮಗು ಕನ್ನಡದಲ್ಲಿ ಬರೆದುಕೊಳ್ಳಲಿ. ‘ಎಷ್ಟು ಮಾರ್ಕ್ಸ್ ಬಂತು’ ಅನ್ನುವ ಬದಲು ‘ಈ ವಾರ ಬರೆದದ್ದರಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ’ ಅಂತ ಕೇಳಿ. ಆಗದೇ ಇದ್ದದ್ದನ್ನು ಮುಂದಿನ ವಾರ ಅರ್ಧಕ್ಕೆ ಇಳಿಸಿ. ಓದು ಬರಹ ಬಾರದ ಪೋಷಕರು ಹಿಂಜರಿಯಬೇಡಿ, ಕೇಳುವುದಕ್ಕೆ ಅಕ್ಷರ ಬೇಕಿಲ್ಲ.

ಮನೆಯಲ್ಲಿ ಕೂರಲು ಜಾಗವಿಲ್ಲ ಅಂತ ಬರೆಯುವ ಮಕ್ಕಳಿಗಾಗಿ ಲೈಬ್ರರಿ ಕೋಣೆಯನ್ನು ಸಂಜೆ ಏಳರವರೆಗೆ ತೆರೆದಿಡುತ್ತೇವೆ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಲು ಯಾರು ಬರುತ್ತೀರಿ ಅಂತ ಹಾಳೆಯ ಹಿಂದೆ ಬರೆದು ಕಳಿಸಿ. ಮುಂದಿನ ಶುಕ್ರವಾರದ ಒಳಗೆ ಹಾಳೆ ಕ್ಲಾಸ್ ಟೀಚರ್ ಕೈ ಸೇರಲಿ. ಪೂರ್ತಿ ಆಗಿರದಿದ್ದರೂ ಪರವಾಗಿಲ್ಲ, ಉಳಿದದ್ದನ್ನು ಶಾಲೆಯಲ್ಲಿ ಕೂತು ಬರೆಸುತ್ತೇವೆ.

ನಿಮ್ಮ,
ಮುಖ್ಯ ಶಿಕ್ಷಕಿ
ಕನ್ನಡ ಮಾಧ್ಯಮ ಪ್ರೌಢಶಾಲೆ, ಮುಂಬಯಿ